ಹಕ್ಕಿ ಹಾರಿತು, ಅಕ್ಕಿ ಆರಿತು

ನಮ್ಮ ಶಾಲೆಯಲ್ಲಿ ಒಂದನೇ ತರಗತಿಗೂ ನಾಲ್ಕನೇ ತರಗತಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಮಾತ್ರ. ಆ ಕಡೆ ಮಗು ಸೀನಿದರೆ ಈ ಕಡೆ ನನ್ನ ಮಕ್ಕಳು ತಿರುಗಿ ನೋಡುತ್ತವೆ. ಈ ಕಡೆ ನಾನು, ಲೆಕ್ಕದ ಟೀಚರ್. ಆ ಕಡೆ ಅಕ್ಕ. ಒಡಹುಟ್ಟಿದ ಅಕ್ಕ ಅಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆಯುತ್ತಿದ್ದಾಗ, ತಾನು ಸರಿದು ಅರ್ಧ ಬೆಂಚು ಬಿಟ್ಟುಕೊಟ್ಟು, "ಬಾರೇ, ಕೂತ್ಕೋ. ಇವರೆಲ್ಲ ಹೊಸಬರನ್ನ ಕಂಡ್ರೆ ಹೀಗೇ" ಅಂದವಳು. ಅವತ್ತಿನಿಂದ ಅವಳು ನನಗೆ ಅಕ್ಕ. ಮಕ್ಕಳ ಬಾಯಲ್ಲಿ ಮಾತ್ರ ಅವಳು ಉಸಿರು ಟೀಚರ್.

ಅವಳ ಕಥೆ ಹೇಳಬೇಕು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಯೂ ಸ್ವಲ್ಪ ಜೋರು. ನಡುವೆ ಯಾರನ್ನಾದರೂ ಬೈದರೆ ಹೊಟ್ಟೆಗೆ ಹಾಕಿಕೊಳ್ಳಿ.

ಉಸಿರು ಟೀಚರ್ ಎಂಬ ಹೆಸರು ಬಂದಿದ್ದು ಒಂದು ಅಕ್ಷರದಿಂದ. ಹ. ನಮ್ಮ ಕಡೆಯ ಮಕ್ಕಳಲ್ಲಿ ಮುಕ್ಕಾಲು ಪಾಲು ಹಾಲಿಗೆ ಆಲು ಅನ್ನುವವು, ಹೂವಿಗೆ ಊವು ಅನ್ನುವವು. ಮನೆಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಯಾರಿಗೂ ಏನೂ ತೊಂದರೆಯಿಲ್ಲ. ಶಾಲೆಗೆ ಬಂದಮೇಲೆ ತೊಂದರೆ ಶುರು. ಅಕ್ಕ ಅದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದಳು. ಅವಳ ಬ್ಯಾಗಿನಲ್ಲಿ ಅಂಗೈ ಅಗಲದ ಒಂದು ದುಂಡು ಕನ್ನಡಿ ಇರುತ್ತಿತ್ತು. ಒಂದೊಂದೇ ಮಗುವನ್ನು ಮುಂದೆ ನಿಲ್ಲಿಸಿ ಕನ್ನಡಿಯನ್ನು ಬಾಯಿಯ ಹತ್ತಿರ ಹಿಡಿಯುವಳು. "ಅ ಅನ್ನು" ಅಂದರೆ ಮಗು ಅ ಅನ್ನುತ್ತಿತ್ತು, ಕನ್ನಡಿ ಹಾಗೇ ಇರುತ್ತಿತ್ತು. "ಈಗ ಹ ಅನ್ನು. ಒಳಗಿಂದ ಉಸಿರು ಬರ್ಲಿ." ಮಗು ಹ ಅಂದರೆ ಕನ್ನಡಿ ಮಸುಕಾಗುತ್ತಿತ್ತು. ಆಗ ಇಡೀ ತರಗತಿ ಚಪ್ಪಾಳೆ ತಟ್ಟಬೇಕು. ಅದು ಅವಳ ನಿಯಮ. ಯಾರಿಗೆ ಏನು ಸರಿಯಾಗಿ ಬಂದರೂ ಚಪ್ಪಾಳೆ. ಹಲಗೆಯ ಈ ಕಡೆ ನಾನು ಭಾಗಾಕಾರದಲ್ಲಿ ಒದ್ದಾಡುತ್ತಿದ್ದರೆ ಆ ಕಡೆ ಪಟಪಟ ಚಪ್ಪಾಳೆ. ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ.

ಹ ಕಲಿಸಿದ ಮೇಲೆ ಅವಳ ಪ್ರಸಿದ್ಧ ವಾಕ್ಯ ಬರುತ್ತಿತ್ತು. "ಹಕ್ಕಿ ಹಾರಿತು" ಎಂದು ಬೋರ್ಡಿನ ಮೇಲೆ ಬರೆಯುವಳು. ಯಾವುದಾದರೂ ಮಗು "ಅಕ್ಕಿ ಆರಿತು" ಅಂದೇ ಅನ್ನುತ್ತಿತ್ತು. "ಅಯ್ಯೋ, ಅಕ್ಕಿ ಯಾಕೆ ಆರಿತಪ್ಪಾ? ಬಿಸಿಲಲ್ಲಿ ಹರವಿದ್ದೆಯಾ? ಹಕ್ಕಿ ಬಂದು ತಿಂದ್ಕೊಂಡು ಹೋಗುತ್ತೆ ನೋಡು!" ಅನ್ನುವಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ತಪ್ಪು ಹೇಳಿದ ಮಗುವೂ ನಗುತ್ತಿತ್ತು. ತಪ್ಪಿದವರನ್ನು ಅಳಿಸದೆ ತಿದ್ದುವುದು ಅವಳೊಬ್ಬಳಿಗೇ ಬರುತ್ತಿತ್ತು, ನನಗಂತೂ ಇವತ್ತಿಗೂ ಬರುವುದಿಲ್ಲ.

ಅಕ್ಕನಿಗೆ ಆ ಉಪಾಯ ಯಾವ ಪುಸ್ತಕದಿಂದಲೂ ಸಿಕ್ಕಿದ್ದಲ್ಲ. ಅವಳ ತಾಯಿ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ದಿನವಿಡೀ ಆವಿ, ಸೋಪಿನ ನೊರೆ, ಒದ್ದೆ ನೆಲ. ಆ ಮನೆಯಲ್ಲಿ ಹ ಎಂಬ ಅಕ್ಷರವೇ ಇರಲಿಲ್ಲ. ಮಗಳು ಟೀಚರ್ ಟ್ರೈನಿಂಗಿಗೆ ಸೇರಿದ ಹೊಸದರಲ್ಲಿ ಎಲ್ಲಿ ಹ ಬಿಟ್ಟುಹೋಗುತ್ತದೋ ಎಂಬ ಭಯಕ್ಕೆ, ಇಲ್ಲದ ಕಡೆಯೂ ಸೇರಿಸಿ, ಎಲ್ಲರೆದುರು ಪಾಠ ಮಾಡುತ್ತಾ "ಹಾನೆ ಬಂತು" ಎಂದುಬಿಟ್ಟಳಂತೆ. ಎರಡು ವರ್ಷ ಅವಳನ್ನು ಅಲ್ಲಿ ಹಾನೆ ಎಂದೇ ಕರೆದರು. ಅದನ್ನು ನನಗೆ ಹೇಳುವಾಗ ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಅದಾದ ಮೇಲೆ ಕನ್ನಡಿ ಹಿಡಿದು ಕೂತಳು. ಹ, ಹ, ಹ. ಬೆಳಿಗ್ಗೆ ಎದ್ದರೆ ಅದೇ, ಸಂಜೆಯೂ ಅದೇ. ಅವಳ ತಾಯಿ ನೋಡುವಷ್ಟು ನೋಡಿ, "ಅದ್ಯಾಕೆ ಕನ್ನಡೀನ ಊದ್ತಾ ಕೂತಿದ್ದೀಯೆ? ಅದೇನು ಒಲೇನಾ?" ಅಂದಳಂತೆ. ಅಂತೂ ಹ ಬಂತು. ಬಂದಿದ್ದನ್ನು ಅವಳು ಜನ್ಮದಲ್ಲಿ ಬಿಡಲಿಲ್ಲ. ಅವಳಷ್ಟು ಚೊಕ್ಕವಾಗಿ ಹ ಅನ್ನುವವರನ್ನು ನಾನು ಕೇಳಿಲ್ಲ. ನಾವೆಲ್ಲ ಮಾತಿನ ಭರದಲ್ಲಿ ಅರ್ಧ ನುಂಗುತ್ತೇವಲ್ಲ, ಅವಳು ಒಂದನ್ನೂ ನುಂಗುತ್ತಿರಲಿಲ್ಲ. ಟೀಚರ್ ಆಗಿ ಅವಳು ಕೇಳಿಕೊಂಡದ್ದೂ ಒಂದೇ. ಬಡ್ತಿ ಬಂದಾಗ ಬೇಡ ಅಂದು, "ನನಗೆ ಒಂದನೇ ಕ್ಲಾಸು ಸಾಕು ಮೇಡಂ. ರಿಟೈರ್ ಆಗೋವರೆಗೂ ಅಲ್ಲೇ ಇರ್ತೀನಿ" ಅಂದಿದ್ದಳು.

ಹೀಗಿರುವಾಗ ಶಾಲೆಗೆ ಟ್ಯಾಬುಗಳು ಬಂದವು.

ಜೊತೆಗೆ ಒಬ್ಬ ತರಬೇತುದಾರನೂ ಬಂದ. ಅವನ ಮಾತೆಲ್ಲ "ತುಂಬಾ ಸಿಂಪಲ್ ಮೇಡಂ" ಎಂದೇ ಶುರುವಾಗುತ್ತಿತ್ತು. ನಾವು ಅವನಿಗೆ ಸಿಂಪಲ್ ಎಂದೇ ಹೆಸರಿಟ್ಟೆವು. ಸಿಂಪಲ್ ಹೇಳಿದ್ದು ಇಷ್ಟು. ಟ್ಯಾಬಿನ ಮುಂದೆ ಮಗು ಮಾತಾಡಿದರೆ ಅದು ಕೇಳಿಸಿಕೊಂಡು ಗೋಡೆಯ ಪರದೆಯ ಮೇಲೆ ಬರೆದು ತೋರಿಸುತ್ತದೆ. ನಾವು ಆಡುಮಾತಿನಲ್ಲಿ "ಬಂದ್ರು" ಅಂದರೆ ಅದು ಪುಸ್ತಕದ ಭಾಷೆಗೆ ತಿದ್ದಿ "ಬಂದರು" ಎಂದು ಬರೆಯುತ್ತದೆ. ಬರೆದದ್ದು ಸರಿಯಾದ ವಾಕ್ಯವಾದರೆ ಹಸಿರು ಬಣ್ಣ ಬಂದು "ಭೇಷ್" ಅನ್ನುತ್ತದೆ. ಇಲ್ಲದಿದ್ದರೆ ಕೆಂಪು ಬಣ್ಣ ಬಂದು "ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತದೆ. ಪರೀಕ್ಷೆಯ ಪುಟ ಬೇರೆ ಇದೆ, ಅಲ್ಲಿ ಕೊಟ್ಟ ವಾಕ್ಯವನ್ನೇ ಓದಬೇಕು.

"ತುಂಬಾ ಸಿಂಪಲ್ ಮೇಡಂ" ಅಂದು ಅವನು ಹೋದ. ನಮಗೆ ಶನಿ ಹೆಗಲೇರಿತು. ಬೆಳಿಗ್ಗೆ ನೆಟ್‌ವರ್ಕ್ ಇಲ್ಲ, ಬಂದರೆ ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ಸರಿಯಾದರೆ ಚಾರ್ಜ್ ಇಲ್ಲ. ಇಡೀ ತರಗತಿಗೆ ಒಂದೇ ಪ್ಲಗ್ಗು, ಅದರಲ್ಲೂ ಒಂದು ಫ್ಯಾನು. ಫ್ಯಾನು ಬೇಕಾ ಪಾಠ ಬೇಕಾ ಎಂದು ಮಕ್ಕಳನ್ನು ಕೇಳಬೇಕು. ಅವು ಒಂದೇ ಬಾಯಲ್ಲಿ ಫ್ಯಾನು ಎನ್ನುತ್ತಿದ್ದವು. ಇನ್ನು ನಮ್ಮ ಹಲಗೆ ಗೋಡೆಯ ಪ್ರತಾಪ ಕೇಳಿ. ಆ ಕಡೆ ಒಂದು ಮಗು ಟ್ಯಾಬಿಗೆ "ಹಸು ಹುಲ್ಲು ಮೇಯಿತು" ಎಂದು ಓದುತ್ತಿತ್ತು, ಈ ಕಡೆ ನನ್ನ ಮಕ್ಕಳು ಗಂಟಲು ಹರಿಯುವ ಹಾಗೆ ಮಗ್ಗಿ ಹೇಳುತ್ತಿದ್ದರು. ಪರದೆಯ ಮೇಲೆ "ಹಸು ಏಳಾರ್ಲ ನಲವತ್ತೆರಡು ಮೇಯಿತು" ಎಂದು ಬಂತಂತೆ. ಅಕ್ಕ ನಗು ತಡೆಯಲಾರದೆ ಹಲಗೆ ಬಡಿದು, "ನಿಮ್ಮ ಮಗ್ಗೀನ ನಮ್ಮ ಹಸು ಮೇಯ್ತಾ ಇದೆ ಕಣೇ!" ಎಂದು ಕೂಗಿದಳು.

ನಾನು ಆ ಟ್ಯಾಬನ್ನು ಮೊದಲ ದಿನದಿಂದಲೇ ಶಪಿಸಿದೆ. ಅಕ್ಕ ಹಾಗಲ್ಲ, ಅವಳಿಗೆ ಅದು ಇಷ್ಟವಾಗಿತ್ತು. "ಪಾಪ, ಅದೂ ಒಂದನೇ ಕ್ಲಾಸಿನ ಮಗು ಇದ್ದ ಹಾಗೆ. ಕೇಳಿಸ್ಕೊಂಡು ಬರೀತಿದೆ, ತಪ್ಪು ಮಾಡ್ತಿದೆ" ಅನ್ನುವಳು. ಅವಳ ಗಂಡ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಅವರಿಗೆ ಹೇಳಿ ಟ್ಯಾಬಿಗೆ ಒಂದು ಹೂವಿನ ಬಟ್ಟೆಯ ಚೀಲ ಹೊಲಿಸಿದಳು. ಅದರ ಪಕ್ಕದಲ್ಲಿ ಕನ್ನಡಿಗೂ ಒಂದು ಜೇಬು ಇತ್ತು. "ಎರಡೂ ಗಾಜೇ ಅಲ್ವಾ, ಜೊತೇಲಿ ಇರ್ಲಿ" ಅಂದಳು. ಮೊದಲು ಕನ್ನಡಿಯ ಮುಂದೆ ಹ ಹೇಳಿಸಿ, ಆಮೇಲೆ ಟ್ಯಾಬಿನ ಮುಂದೆ ಓದಿಸುವುದು ಅವಳ ಪದ್ಧತಿಯಾಯಿತು. ಒಂದು ಮಗು ಟ್ಯಾಬನ್ನೂ ಕನ್ನಡಿ ಎಂದುಕೊಂಡು ಅದರ ಮೇಲೆ ಊದಿ ಮಸುಕು ಮಾಡಿಬಿಟ್ಟಿತು. ಆ ಮಗುವಿನ ಹೆಸರು ಬೇರೆ, ನಾವೆಲ್ಲ ಕರೆಯುವುದು ಗುಬ್ಬಿ ಎಂದು. ಅಷ್ಟು ಸಣ್ಣ ಹುಡುಗಿ, ಅಷ್ಟು ಸಣ್ಣ ದನಿ.

ಟ್ಯಾಬಿನಲ್ಲಿ ಟೀಚರುಗಳಿಗೂ ಪರೀಕ್ಷೆ ಇತ್ತು. ಅದನ್ನು ಮಾದರಿ ಓದು ಅನ್ನುತ್ತಿದ್ದರು. ಪ್ರತಿ ಸೋಮವಾರ ಟೀಚರ್ ಮೊದಲು ಓದಿ ಹಸಿರು ತರಿಸಬೇಕು, ಆಮೇಲೆ ಮಕ್ಕಳ ಪಾಠ ತೆರೆಯುತ್ತದೆ. ಒಂದನೇ ತರಗತಿಯ ಮಾದರಿ ವಾಕ್ಯಗಳು ಅಕ್ಕನಿಗೆ ಹೇಳಿ ಬರೆಸಿದ ಹಾಗಿದ್ದವು. "ಹಕ್ಕಿ ಹಾರಿತು. ಹೂವು ಅರಳಿತು. ಹಸು ಹುಲ್ಲು ಮೇಯಿತು." ಮೊದಲ ಸೋಮವಾರ ಅವಳು ಓದಿದ ಕೂಡಲೇ ಗೋಡೆ ತುಂಬ ಹಸಿರು. ಮಕ್ಕಳು ಚಪ್ಪಾಳೆ ತಟ್ಟಿದವು. ಹಸಿರು ಬಂದರೂ ಚಪ್ಪಾಳೆ ಎಂದು ಅವಳು ನಿಯಮ ಮಾಡಿದ್ದೇ ಅವತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಕೈ ಹಿಡಿದು, "ಟ್ರೈನಿಂಗಲ್ಲಿ ಯಾರೂ ನನಗೆ ಭೇಷ್ ಅಂದಿರ್ಲಿಲ್ಲ ಕಣೇ. ಇದು ಅಂತು" ಅಂದಳು. ಐವತ್ತು ದಾಟಿದ ಹೆಂಗಸು, ಮೊದಲ ಬಹುಮಾನ ಸಿಕ್ಕ ಹುಡುಗಿಯ ಹಾಗೆ ಮುಖ ಅರಳಿಸಿಕೊಂಡು ಕೂತಿದ್ದಳು.

ಆ ವರ್ಷದ ನಡುವಿನಲ್ಲಿ ಒಂದು ಸೋಮವಾರ ಕೆಂಪು ಬಂತು. ಹೂವು ಎಂಬ ಪದಕ್ಕೆ ಮಾತ್ರ. ಮತ್ತೊಮ್ಮೆ ಓದಿದಳು, ಹಸಿರಾಯಿತು. ಮುಂದಿನ ವಾರ ಎರಡು ಪದ ಕೆಂಪು. ಆಮೇಲೆ ಮೂರು. ಅವಳ ದನಿಯಲ್ಲಿ "ಹಕ್ಕಿ ಹಾರಿತು" ಎಂದು ಹಲಗೆಯ ಈ ಕಡೆ ನನಗೆ ಸರಿಯಾಗಿಯೇ ಕೇಳುತ್ತಿತ್ತು. ಕೇಳಿ ಕೇಳಿ ರೂಢಿಯಾದ ಕಿವಿ, ಇಲ್ಲದ್ದನ್ನೂ ಸೇರಿಸಿಕೊಂಡು ಕೇಳುತ್ತದೆ. ಪರದೆಯ ಮೇಲೆ ಮಾತ್ರ "ಅಕ್ಕಿ ಆರಿತು" ಎಂದು ಬರುತ್ತಿತ್ತು. ಕೆಳಗೆ ಕೆಂಪು. ಮತ್ತೊಮ್ಮೆ ಪ್ರಯತ್ನಿಸಿ.

ಮಕ್ಕಳಿಗೆ ಖುಷಿಯೋ ಖುಷಿ. "ಟೀಚರ್ ಅಕ್ಕಿ ಆರಿಸಿದ್ರು! ಟೀಚರ್ ಅಕ್ಕಿ ಆರಿಸಿದ್ರು!" ಎಂದು ಕುಣಿದವು. ಅವಳೂ ಅವರ ಜೊತೆ ನಕ್ಕಳು. ಮತ್ತೊಮ್ಮೆ ಓದಿದಳು. ಮತ್ತೊಮ್ಮೆ. ಮಗದೊಮ್ಮೆ. ಆ ಸೋಮವಾರ ಮಧ್ಯಾಹ್ನದವರೆಗೂ ಒಂದನೇ ತರಗತಿಯ ಪಾಠ ತೆರೆಯಲೇ ಇಲ್ಲ.

ನಾನು ಸಿಟ್ಟು ತಡೆಯಲಾರದೆ ಆ ಕಡೆ ಹೋದೆ. "ಈ ದರಿದ್ರದ್ದಕ್ಕೆ ಕಿವಿ ಕೇಳಲ್ಲ ಅಕ್ಕ. ಕೊಡಿಲ್ಲಿ" ಎಂದು ಕಿತ್ತುಕೊಂಡು, ಬಾಯಿಗೆ ಬಂದ ಹಾಗೆ "ಹಕ್ಕಿ ಹಾರಿತು ಹೂವು ಅರಳಿತು ಹಸು ಹುಲ್ಲು ಮೇಯಿತು" ಎಂದು ಒಂದೇ ಉಸಿರಿಗೆ ಒದರಿದೆ. ಗೋಡೆ ತುಂಬ ಹಸಿರು. ಭೇಷ್. ಮಕ್ಕಳು ಚಪ್ಪಾಳೆ ತಟ್ಟಿದವು. ಅಕ್ಕನೂ ತಟ್ಟಿದಳು. ಅವಳ ಮುಖ ನೋಡಲಾಗದೆ ನಾನು ನನ್ನ ತರಗತಿಗೆ ಬಂದುಬಿಟ್ಟೆ.

ಸಿಂಪಲ್‌ನನ್ನು ಕರೆಸಿದರು. ಅವನು ಟ್ಯಾಬು ಒರೆಸಿ, ಕಿವಿಯ ಹತ್ತಿರ ಇಟ್ಟುಕೊಂಡು, ಏನೇನೋ ಒತ್ತಿ ನೋಡಿದ. "ಮೆಷೀನ್ ಚೆನ್ನಾಗೇ ಇದೆ ಮೇಡಂ. ನಿಮ್ಮ ಹಕಾರವೇ ವಾರ ವಾರ ಕಮ್ಮಿ ಆಗ್ತಾ ಬರ್ತಿದೆ. ತುಂಬಾ ಸಿಂಪಲ್. ಅಭ್ಯಾಸ ಮಾಡಿ, ಸರಿ ಹೋಗುತ್ತೆ." ವಾರ ವಾರ ಕಮ್ಮಿ ಆಗುತ್ತಿದೆ ಎಂದು ಅದಕ್ಕೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಯಾಕೆ ಕಮ್ಮಿ ಆಗುತ್ತಿದೆ ಎಂದು ಅದೂ ಕೇಳಲಿಲ್ಲ, ಅವನೂ ಕೇಳಲಿಲ್ಲ. 

ಅಲ್ಲಿಂದ ಸ್ಟಾಫ್ ರೂಮಿನಲ್ಲಿ ಗುಸುಗುಸು. ವಯಸ್ಸಾದ ಮೇಲೆ ಮನೆಯ ಮಾತು ಹಾಗೇ ವಾಪಸ್ ಬರುತ್ತಂತೆ, ಎಷ್ಟು ತಿದ್ದಿದರೂ ಹುಟ್ಟಿದ ನಾಲಿಗೆ ಅಲ್ವಾ, ಎಂದು ಯಾರೋ ಅಂದರು. ನಾನು ಎದ್ದು ನಿಂತು ಅಂದವರ ಜನ್ಮ ಜಾಲಾಡಿದೆ. ಆಮೇಲೆ ಯಾರೂ ನನ್ನೆದುರು ಉಸಿರೆತ್ತಲಿಲ್ಲ. ಆದರೆ ಆ ಮಾತು ಅಕ್ಕನ ಕಿವಿಗೆ ಮೊದಲೇ ಬಿದ್ದಿತ್ತು. ಬಿದ್ದ ಮೇಲೆ ಹೋಗಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ನನಗೆ ಹೇಳಿದಳು. "ಅವರು ಹೇಳಿದ್ದು ನಿಜ ಇರಬೇಕು ಕಣೇ. ನನ್ನ ನಾಲಿಗೆ ತವರಿಗೆ ವಾಪಸ್ ಹೊರಟಿದೆ."

"ತವರೂ ಇಲ್ಲ, ಮಣ್ಣೂ ಇಲ್ಲ. ಆ ಮೆಷೀನಿಗೆ ರೋಗ ಬಂದಿದೆ. ಸುಮ್ಮನಿರಿ" ಎಂದು ಗದರಿದೆ.

ನೋಡಿ, ಅವಳು ಅಂದದ್ದು ನಾಲಿಗೆ, ನಾನು ಅಂದದ್ದು ಮೆಷೀನು. ರೋಗ ಎಂಬ ಪದ ನನ್ನ ಬಾಯಿಗೆ ಬಂತು, ಬಂದು ತಪ್ಪು ಜಾಗಕ್ಕೆ ಹೋಯಿತು.

ಅವಳು ಅಭ್ಯಾಸಕ್ಕೆ ಕೂತಳು. ಹುಡುಗಿಯಾಗಿದ್ದಾಗ ಕೂತ ಹಾಗೇ, ಅದೇ ಕನ್ನಡಿ ಹಿಡಿದು. ಭಾವ ಆಮೇಲೆ ನನಗೆ ಹೇಳಿದರು. ಅವರು ಮುಂದಿನ ಕೋಣೆಯಲ್ಲಿ ಹೊಲಿಯುತ್ತಿರುವಾಗ ಅಡುಗೆಮನೆಯಿಂದ ಹ, ಹ, ಹ ಎಂದು ಕೇಳುತ್ತಿತ್ತಂತೆ. ಆಮೇಲಾಮೇಲೆ ಅ, ಅ, ಅ ಎಂದು. ಅವಳು ಕೆಮ್ಮಿದರೆ ಅದು ತಮಗೆ ಕೇಳಿಸಿತೆಂದು ಅವಳಿಗೆ ಗೊತ್ತಾಗದಿರಲಿ ಅಂತ ಹೊಲಿಗೆ ಮೆಷಿನ್ನು ಜೋರಾಗಿ ತುಳಿಯುತ್ತಿದ್ದರಂತೆ, ಅವಳಿಗೆ ನಾಚಿಕೆ ಆಗಬಾರದು ಎಂದು. ಡಾಕ್ಟರಿಗೆ ತೋರಿಸೋಣ ಅಂದರೆ, "ಉಚ್ಚಾರಣೆಗೆ ಡಾಕ್ಟರ್ ಇರ್ತಾರೇನ್ರಿ?" ಎಂದು ನಕ್ಕುಬಿಟ್ಟಳಂತೆ.

ಅವಳ ಮಾತು ಕಡಿಮೆಯಾಯಿತು. ಮೊದಲು ನಾನು ಗಮನಿಸಲಿಲ್ಲ, ಗಮನಿಸಿದ ಮೇಲೆ ತಡೆಯಲಾಗಲಿಲ್ಲ. ಹ ಇರುವ ಪದಗಳನ್ನೆಲ್ಲ ಅವಳು ತಪ್ಪಿಸಿ ನಡೆಯುತ್ತಿದ್ದಳು, ಒದ್ದೆ ನೆಲದ ಮೇಲೆ ಕಾಲಿಡುವವರ ಹಾಗೆ. ಹೌದು ಅನ್ನುವ ಕಡೆ ತಲೆಯಾಡಿಸುವಳು. ಹತ್ತು ಅನ್ನುವ ಕಡೆ ಎರಡು ಕೈ ಬೆರಳು ತೋರಿಸುವಳು. ಮನೆಗೆ ಹೋಗೋಣ ಅನ್ನಲು "ನಡಿ" ಅನ್ನುವಳು. ಹಸಿವು ಅನ್ನದೆ ಹೊಟ್ಟೆ ಮುಟ್ಟಿ ತೋರಿಸುವಳು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಯಾರಾದರೂ ನೋಡಿದರೆ ಸೆರಗು ಸರಿಮಾಡಿಕೊಳ್ಳುವ ನಾಟಕ ಮಾಡುವಳು. ಇಷ್ಟೆಲ್ಲ ನಾಚಿಕೆಗೆ ಎಂದುಕೊಂಡೆವು ನಾವು. ಅವಳೂ ಹಾಗೇ ಅಂದುಕೊಂಡಿದ್ದಳು.

ಗುಬ್ಬಿಗೆ ಇನ್ನೂ ಹ ಬಂದಿರಲಿಲ್ಲ. ಆ ಮಗುವಿಗೆ ಹೇಗಾದರೂ ಕಲಿಸಲೇಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಒಂದು ದಿನ ನನ್ನ ಮಕ್ಕಳು ಪರೀಕ್ಷೆ ಬರೆಯುತ್ತಿದ್ದುದರಿಂದ ಈ ಕಡೆ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆ ಕಡೆಯಿಂದ ಅಕ್ಕನ ದನಿ ಬಂತು. "ಮೊದಲು ನಾನು ಅಂತೀನಿ, ಕನ್ನಡಿ ನೋಡ್ತಿರು." ಒಂದು ಸಣ್ಣ ಸದ್ದು. ಆಮೇಲೆ ಸುಮ್ಮನೆ. ಇನ್ನೊಂದು ಸದ್ದು. ಮತ್ತೆ ಸುಮ್ಮನೆ.

"ಟೀಚರ್, ಕನ್ನಡಿ ಕೆಟ್ಟೋಗಿದೆ" ಅಂದಳು ಗುಬ್ಬಿ.

"ಊಂ ಕಣಮ್ಮ, ಕೆಟ್ಟೋಗಿದೆ" ಅಂದಳು ಅಕ್ಕ.

ನಾನು ಸೀಮೆಸುಣ್ಣ ಹಿಡಿದುಕೊಂಡು ಹಲಗೆಯ ಪಕ್ಕ ನಿಂತಿದ್ದೆ. ಕಣ್ಣೀರು ತಾನಾಗಿಯೇ ಸುರಿಯಿತು. ಮುಂದಿನ ಬೆಂಚಿನ ಹುಡುಗ ತಲೆಯೆತ್ತಿ ನೋಡಿ ಮತ್ತೆ ಲೆಕ್ಕಕ್ಕೆ ಬಗ್ಗಿದ.

ಆ ವಾರವೇ ಹೆಡ್‌ಮೇಡಂ ಅವಳನ್ನು ಕರೆದರು. ಕೆಟ್ಟವರಲ್ಲ, ಆದರೆ ಮೇಲಿನವರು ಏನಂದರೂ ತಲೆಯಾಡಿಸುವ ಪ್ರಾಣಿ. ಮಾದರಿ ಓದಿನಲ್ಲಿ ಹಸಿರು ಬರದ ಟೀಚರಿಗೆ ಸಣ್ಣ ತರಗತಿ ಕೊಡುವ ಹಾಗಿಲ್ಲ ಎಂದು ಮೇಲಿನಿಂದ ಬಂದಿದೆಯಂತೆ. "ಸ್ವಲ್ಪ ದಿನ ಮಾತ್ರ. ಮಹಡಿ ಮೇಲಿನ ಕೋಣೇಲಿ ಟ್ಯಾಬ್ ಚಾರ್ಜ್ ಮಾಡೋ ಕೆಲಸ ನೋಡ್ಕೊಳ್ಳಿ. ಅಭ್ಯಾಸ ಮಾಡಿ, ಹಸಿರು ಬಂದ ದಿನ ಕ್ಲಾಸಿಗೆ ವಾಪಸ್ ಬನ್ನಿ" ಅಂದರು. ನಾನು ಬಾಗಿಲಲ್ಲೇ ನಿಂತು ಕೂಗಾಡಿದೆ. ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. "ಸುಮ್ನಿರೇ. ಮಕ್ಕಳಿಗೆ ತಪ್ಪು ಕಲಿಸೋದಕ್ಕಿಂತ ಅದೇ ಒಳ್ಳೇದು" ಎಂದು ಹೇಳುವಷ್ಟರಲ್ಲಿ ಎರಡು ಸಲ ನಿಂತಳು.

ಮಹಡಿಯ ಕೋಣೆಯಲ್ಲಿ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಚಾರ್ಜಿಗೆ ಹಾಕಿದ ಟ್ಯಾಬುಗಳು. ಬೆಳಿಗ್ಗೆ ಅವನ್ನೆಲ್ಲ ಹೊತ್ತು ಕೆಳಗಿಳಿಸಬೇಕು, ಸಂಜೆ ಹೊತ್ತು ಮೇಲೇರಿಸಬೇಕು. ಹಕ್ಕಿ ಹಾರಿತು ಎನ್ನಲು ಉಸಿರಿಲ್ಲದವಳಿಗೆ ಈ ಕೆಲಸ ಕೊಟ್ಟರು. ನಡುವೆ ಬಿಡುವಾದರೆ ಬಾಗಿಲು ಮುಂದೆ ಮಾಡಿಕೊಂಡು ಒಂದು ಟ್ಯಾಬಿನೆದುರು ಕೂತು ಓದುತ್ತಿದ್ದಳು. ನಾನು ಊಟದ ಡಬ್ಬಿ ಹಿಡಿದು ಹೋದಾಗಲೆಲ್ಲ ಅದು ಒಳಗಿನಿಂದ "ಮತ್ತೊಮ್ಮೆ ಪ್ರಯತ್ನಿಸಿ" ಅನ್ನುವುದು ಕೇಳುತ್ತಿತ್ತು. ಎಷ್ಟು ಮೃದುವಾದ ದನಿ ಅದಕ್ಕೆ. ಒಂದು ಚೂರು ಬೇಸರವಿಲ್ಲ.

ಒಂದು ಸಂಜೆ ಟ್ಯಾಬುಗಳ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುವಾಗ ಕುಸಿದಳು. ಸದ್ದು ಕೇಳಿ ಓಡಿಹೋದೆ. ಮೆಟ್ಟಿಲ ಮೇಲೆ ಕೂತಿದ್ದಾಳೆ, ತುಟಿ ನೀಲಿಗಟ್ಟಿದೆ, ಬುಟ್ಟಿ ಮಾತ್ರ ಎದೆಗೆ ಅವುಚಿಕೊಂಡಿದ್ದಾಳೆ. "ಒಡೀಲಿಲ್ಲ, ಒಂದೂ ಒಡೀಲಿಲ್ಲ" ಅಂದಳು ನನ್ನನ್ನು ಕಂಡು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಎದೆಯ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಾ ಬಂದಿದೆ, ಹಿಗ್ಗುವ ಶಕ್ತಿಯೇ ಹೋಗಿದೆ ಎಂದು ನಮಗೆ ಬಿಡಿಸಿ ಹೇಳಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಯಾವಾಗಿಂದಮ್ಮ ಉಸಿರು ಸಾಲ್ತಿಲ್ಲ?" ಎಂದು ಕೇಳಿದರು.

ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿದ್ದು ಆ ಗಳಿಗೆಯಲ್ಲೇ. ನನಗೂ ಆಗಲೇ.

"ಹಕ್ಕಿ ಅಕ್ಕಿ ಆದಾಗಿನಿಂದ ಡಾಕ್ಟ್ರೆ" ಅಂದೆ ನಾನು. ಅವರಿಗೆ ಏನೂ ತಿಳಿಯಲಿಲ್ಲ. ಟ್ಯಾಬಿನ ಕಥೆ, ಕೆಂಪು ಬಣ್ಣದ ಕಥೆ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಕೂಗತೊಡಗಿದೆ, ನರ್ಸು ಬಂದು ಭುಜ ಹಿಡಿಯಬೇಕಾಯಿತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಅವಾಗ್ಲೇ ಬಂದಿದ್ರೆ ಪೂರ್ತಿ ವಾಸಿ ಮಾಡೋಕಾಗ್ತಿರ್ಲಿಲ್ಲ. ಆದ್ರೆ ನಿಧಾನ ಮಾಡ್ಬಹುದಿತ್ತು. ಕೆಲವು ವರ್ಷ ಸಿಗ್ತಿತ್ತು" ಅಂದರು. ಭಾವ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟರು. ಕತ್ತಿನಲ್ಲಿ ಅಳತೆಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನೂ ಮರೆತು ಬಂದಿದ್ದರು.

ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದರು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದೆ. ಅವಳು ಉಸಿರು ಬಿಟ್ಟಾಗಲೆಲ್ಲ ಮುಖವಾಡದ ಒಳಗೆ ಮಂಜು ಕಟ್ಟುತ್ತಿತ್ತು. ಒಂದು ದಿನ ಬೆರಳಿನಿಂದ ಅದನ್ನೇ ತೋರಿಸಿ ಕಣ್ಣಲ್ಲೇ ನಕ್ಕಳು. ನಾನು ಮುಖವಾಡ ಸ್ವಲ್ಪ ಸರಿಸಿ ಕಿವಿ ಹತ್ತಿರ ತಂದೆ.

"ನೋಡೇ, ಅ ಬಂತು" ಅಂದಳು. ಹ ಬಂತು ಎಂದು ಅವಳು ಹೇಳಿದ್ದು. ನನಗೆ ತಿಳಿಯಿತು. "ಬಂತು ಅಕ್ಕ, ಚೆನ್ನಾಗಿ ಬಂತು" ಅಂದೆ.

ಅಲ್ಲಿಂದ ಅವಳು ಪದ ತಪ್ಪಿಸುವುದನ್ನು ಬಿಟ್ಟುಬಿಟ್ಟಳು. ಆಲು ಅಂದಳು, ಊವು ಅಂದಳು, ಅಸಿವಿಲ್ಲ ಅಂದಳು. ಅವಳ ಬಾಯಲ್ಲಿ ಆ ಮಾತು ನಾನು ಎಂದೂ ಕೇಳಿರಲಿಲ್ಲ. ಎಷ್ಟು ಸಲೀಸಾಗಿ ಬರುತ್ತಿತ್ತು! ಅಷ್ಟು ವರ್ಷ ಬಿಗಿಯಾಗಿ ಕಟ್ಟಿದ್ದನ್ನು ಬಿಚ್ಚಿ ಪಕ್ಕಕ್ಕಿಟ್ಟ ಹಾಗೆ. "ಅವ್ವ ಇಂಗೇ ಮಾತಾಡ್ತಿದ್ಲು. ಇದೇ ಆಸ್ಪತ್ರೆ ಕೆಳಗಡೆ ಇದ್ಲು" ಅಂದಳು ಒಮ್ಮೆ. ತಾನು ಮಲಗಿದ್ದ ಹಾಸಿಗೆಯ ಬಿಳಿ ಬಟ್ಟೆಯನ್ನು ಕೈಯಿಂದ ಸವರುತ್ತಿದ್ದಳು. ನಾನು ಹೊರಡಲು ಎದ್ದರೆ, "ಓಗು, ನಾಳೆ ಮಕ್ಕಳು ಕಾಯ್ತಿರ್ತವೆ. ಗುಬ್ಬಿಗೆ ಕಲಿಸು ಕಣೇ, ಕನ್ನಡಿ ಚೀಲದಲ್ಲೇ ಐತೆ" ಅಂದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಮಾರನೆಯ ದಿನ ನಾನು ಮಗ್ಗಿ ಹೇಳಿಸುತ್ತಿದ್ದಾಗ ಭಾವನ ಫೋನು ಬಂತು.

ಒಂದನೇ ತರಗತಿಯನ್ನು ಹೆಡ್‌ಮೇಡಂ ನನಗೇ ಕೊಟ್ಟರು. ಕೊಡುವಾಗ ಅವರೂ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ಸಣ್ಣ ಮಕ್ಕಳಿಗೆ ಈಗಲೇ ಏನೂ ಹೇಳಬೇಡಿ, ಟೀಚರ್ ರಜೆಯಲ್ಲಿದ್ದಾರೆ ಅನ್ನಿ ಎಂದರು.

ಸೋಮವಾರ ಹೂವಿನ ಚೀಲದಿಂದ ಟ್ಯಾಬು ತೆಗೆದು ಮೇಜಿನ ಮೇಲಿಟ್ಟೆ. ಕನ್ನಡಿ ಜೇಬಿನಲ್ಲೇ ಇತ್ತು, ಮುಟ್ಟಲು ಧೈರ್ಯ ಬರಲಿಲ್ಲ. ಟ್ಯಾಬಿನಲ್ಲಿ ಟೀಚರ್ ಯಾರೆಂದು ಯಾರೂ ಬದಲಾಯಿಸಿರಲಿಲ್ಲ. ಗೋಡೆಯ ಪರದೆ ಬೆಳಗಿ, ಪರೀಕ್ಷೆಯ ಪುಟ ತೆರೆಯುವ ಮೊದಲೇ ಅಕ್ಕನ ಫೋಟೋ ಬಂತು. ಅದರ ಕೆಳಗೆ ದಪ್ಪ ಅಕ್ಷರ.

ಗುಬ್ಬಿ ಎದ್ದು ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ನೀ-ವು... ಓ-ದಿ... ಬ-ಅ-ಳ... ದಿ-ನ-ವಾ-ಯಿ-ತು. ಮ-ತ್ತೊ-ಮ್ಮೆ... ಪ್ರ-ಯ-ತ್ನಿ-ಸಿ." ಆ ಮಗು ಪೂರ್ತಿ ಓದಿದ್ದು ಅದೇ ಮೊದಲು. ಬಹಳ ಎಂಬಲ್ಲಿ ಹ ಬರಲಿಲ್ಲ. ಚಪ್ಪಾಳೆ ತಟ್ಟಬೇಕಿತ್ತು, ನನ್ನ ಕೈ ಏಳಲಿಲ್ಲ.

"ಟೀಚರ್ ಯಾವಾಗ ಬಂದು ಓದ್ತಾರೆ ಮಿಸ್?" ಎಂದು ಕೇಳಿದಳು.

ರಜೆ ಎಂದು ಹೇಳಬೇಕಿತ್ತು. ಅಕ್ಕನ ಫೋಟೋದ ಕೆಳಗೆ, ಇನ್ನೂ ಪ್ರಯತ್ನಿಸು ಎಂದು ಬರೆದಿದ್ದನ್ನು ನೋಡುತ್ತಾ ನನಗೆ ಸುಳ್ಳು ಹೇಳಲಾಗಲಿಲ್ಲ. ಬಾಯಿ ತೆರೆದೆ. ಎದೆಯಿಂದ ಉಸಿರೇ ಮೇಲೆ ಬರಲಿಲ್ಲ. ಟೀಚರ್ ಹೋದ್ರು ಎಂದು ಹೇಳಿದೆ. ಹೇಳಿದೆ ಅಂದುಕೊಂಡೆ.

ಟ್ಯಾಬು ಕೇಳಿಸಿಕೊಂಡಿತು. ಅಕ್ಕನ ಫೋಟೋದ ಕೆಳಗೆ ತಿದ್ದಿ ಬರೆಯಿತು. "ಟೀಚರ್ ಓದಿದರು."

ಗೋಡೆ ತುಂಬ ಹಸಿರಾಯಿತು. "ಭೇಷ್" ಅಂತು ಆ ಮೃದುವಾದ ದನಿ.

ಹಸಿರು ಬಂದರೆ ಏನು ಮಾಡಬೇಕೆಂದು ಅಕ್ಕ ಕಲಿಸಿದ್ದಳಲ್ಲ. ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದವು.